ನೋಡದಿರುವ ಕೆಲಸ

ನನಗೆ ಸಂಬಳ ಕೊಡುವುದು
ತಕ್ಕ ಹೊತ್ತಿಗೆ ನೋಡದೇ ಇರುವುದಕ್ಕೆ.
ಗ್ರಿಮ್ಸ್‌ಬಿ, ಹಳೆ ಮೀನುಗಾರರ ಕ್ಲಬ್ಬು, ತಿಂಗಳ ಕೊನೆಯ ಶನಿವಾರ.
ಪಟ್ಟೆ ಅಂಗಿ, ಕಪ್ಪು ಬೋ,
ಕಣದಲ್ಲಿ ನಾನೊಬ್ಬನೇ ಗೆಲ್ಲದವನು, ಸೋಲದವನು. ರೆಫ್ರಿ.

ಕತೆ ಕಟ್ಟುವವಳು ಮೊರೀನ್ ಹ್ಯಾಕ್ಸ್‌ಬಿ,
ಎಪ್ಪತ್ತೊಂದು ವಯಸ್ಸು, ಬಿಂಗೋ ಚೀಟಿಯ ಬೆನ್ನಿನ ಮೇಲೆ ಬರೆಯುತ್ತಾಳೆ.
ಆಡ್ಲಾರ್ಡ್ ಕೆಡಬೇಕು, ಅಂದಳು ಜನವರಿಯಲ್ಲಿ,
ಹಾಲು ಕೆಡುವಂತೆ ಬೇಡ,
ಹಲ್ಲು ಕೆಡುವಂತೆ. ಒಳಗಿಂದ, ನಗುತ್ತಿರುವಾಗಲೇ.

ಹಾಗಾಗಿ ಫೆಬ್ರವರಿಯಲ್ಲಿ ಅವನು
ಕ್ಲೈವ್‌ನ ಕೈಕುಲುಕುವಾಗ ಅರೆಗಳಿಗೆ ತಡಮಾಡಿದ, ಅಷ್ಟೇ.
ಮಾರ್ಚಿನಲ್ಲಿ ಪೋಸ್ಟರ್ ಮುಂದೆ ನಿಂತು
ಬೆರಳಲ್ಲಿ ತನ್ನ ಹೆಸರು ಹುಡುಕಿದ.
ಒಂಬತ್ತು ವರ್ಷದಿಂದ ಜೋಡಿ, ಒಂಬತ್ತು ವರ್ಷದಿಂದ
'ಕ್ಲೈವ್ ಬೌಟ್‌ವುಡ್ ಮತ್ತು'.
ಆ 'ಮತ್ತು' ದಾಟಿ ಯಾರೂ ಓದುತ್ತಿರಲಿಲ್ಲ.
ಇದು ಮೊರೀನ್ ಹುಟ್ಟಿಸಿದ್ದಲ್ಲ. ಇತ್ತು. ಅವಳು ಎತ್ತಿಕೊಂಡಳು.

"ಕೆಟ್ಟವನು ಸುಳ್ಳು ಹೇಳಕೂಡದು," ಅವಳ ವಾದ,
"ನಿಜವನ್ನೇ ಹೇಳಬೇಕು, ಹೇಳಬಾರದ ಹೊತ್ತಲ್ಲಿ.
ಇಲ್ಲಿ ಕೂತ ಒಬ್ಬೊಬ್ಬರ ಮನೆಯಲ್ಲೂ ಅಂಥವನೊಬ್ಬನಿದ್ದಾನೆ,
ಅಳಿಯನೋ, ಅಣ್ಣನೋ. ಅವನನ್ನು ಬೈಯುವುದಕ್ಕೇ
ಏಳು ಪೌಂಡ್ ಕೊಟ್ಟು ಬಂದಿದ್ದಾರೆ."

ನನಗೆ ವಿಭೀಷಣ ನೆನಪಾದ.
ಒಳ್ಳೆಯ ಕಡೆಗೇ ಹೋದವನು, ಚಿರಂಜೀವಿ ಬೇರೆ.
ಆದರೂ ಭದ್ರಾವತಿಯ ನಮ್ಮ ಕಾರ್ಖಾನೆ ಸಾಲುಮನೆಗಳಲ್ಲಿ
ಯಾವ ತಾಯಿಯೂ ಆ ಹೆಸರನ್ನು ತೊಟ್ಟಿಲಿಗೆ ಕೂಗಲಿಲ್ಲ.
ಅವನು ಸಮುದ್ರ ದಾಟಿದ್ದನ್ನು
ಈ ದಡದಲ್ಲಿ ಶರಣಾಗತಿ ಅಂತಾರೆ;
ಲಂಕೆಯ ಗ್ಯಾಲರಿಯಲ್ಲಿ ಕೂತವರಿಗೆ
ಅದು ಬೆನ್ನಿಗೆ ಬಿದ್ದ ಕುರ್ಚಿ.

ಏಪ್ರಿಲ್. ಹದಿನೇಳನೇ ನಿಮಿಷ.
ಕ್ಲೈವ್ ಹಗ್ಗಕ್ಕೆ ಜೋತಿದ್ದಾನೆ, ಮೊಣಕಾಲು ನಿಜಕ್ಕೂ ಊದಿದೆ.
ಎದುರಾಳಿಗಳಿಬ್ಬರೂ ನೆಲಕ್ಕೆ. ಗೆಲುವು ಕೈಯಳತೆಯಲ್ಲಿದೆ.
ಆಡ್ಲಾರ್ಡನ ಕಣ್ಣು ಪರೀಕ್ಷಿಸುವವನಂತೆ ಬಗ್ಗಿ
ಕಿವಿಯಲ್ಲಿ ಹೇಳಿದೆ: ಈಗ.
ಆಮೇಲೆ ತಿರುಗಿ ನನ್ನ ಬೂಟಿನ ಲೇಸು ಕಟ್ಟತೊಡಗಿದೆ.

ಲೇಸಿಗೆ ಎರಡು ಕುಣಿಕೆ. ಮೊದಲನೆಯದು ಹಾಕಿದೆ.
ಏನೂ ಕೇಳಿಸಲಿಲ್ಲ.
ಎರಡನೆಯದೂ ಹಾಕಿದೆ. ಬಿಚ್ಚಿ ಮತ್ತೆ ಹಾಕಿದೆ.
ಮಡಚುವ ಕುರ್ಚಿಯ ಕೀಲು ಕಿರ್ ಅಂದಿತು.
ಆಮೇಲೆ ಆ ಸದ್ದು, ಚಪ್ಪಟೆ, ಚಿಕ್ಕದು,
ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಹಾಗೆ.

ಬೈಗುಳ ಬರುತ್ತದೆ ಅಂದುಕೊಂಡೆ. ಬರಲಿಲ್ಲ.
ಮುನ್ನೂರು ಜನ ಉಸಿರನ್ನು ಎಲ್ಲಿಡುವುದೆಂದು ತಿಳಿಯದೆ
ಹಿಡಿದುಕೊಂಡೇ ಇದ್ದರು.
ಮುಂದಿನ ಸಾಲಿನಲ್ಲಿ ಹೆಣಿಗೆ ಕಡ್ಡಿ ನಿಲ್ಲಿಸಿ
ಮೀನಂಗಡಿಯ ಎನಿಡ್, ಮೆಲ್ಲಗೆ, ಸ್ವಂತ ಮಗನನ್ನು ಕೇಳುವಂತೆ:
"ಯಾಕೋ, ಡೆರೆಕ್?"

ಪರದೆ ಹಿಂದೆ ಮೊರೀನ್ ಚೀಟಿಯ ಮೇಲೆ ಗೆರೆ ಎಳೆದಳಂತೆ.
'ಥೂ' ಅಂದರೆ ಒಂದು ರಾತ್ರಿಯ ಟಿಕೆಟ್ಟು,
'ಯಾಕೆ' ಅಂದರೆ ಕ್ರಿಸ್‌ಮಸ್‌ವರೆಗೆ ಕತೆ.

ಹನ್ನೊಂದು ಗಂಟೆಗೆ ನನ್ನ ವ್ಯಾನು.
ಶತ್ರುಗಳು ಒಂದೇ ಗಾಡಿಯಲ್ಲಿ ಕಾಣಿಸಬಾರದು:
ಕ್ಲೈವ್ ಹಿಂದಿನ ಸೀಟಿನಲ್ಲಿ, ಮೂರು ಕೋಟುಗಳಡಿ,
ಊರಿನ ಕೊನೆಯ ದೀಪದವರೆಗೆ ಬರೀ ಮೂಟೆ.
ಆಡ್ಲಾರ್ಡ್ ಮುಂದೆ, ತೊಡೆ ಮೇಲೆ
ಮೂವರಿಗೂ ಸೇರಿ ಒಂದು ಪೊಟ್ಟಣ ಚಿಪ್ಸ್,
ತಿನ್ನುತ್ತಿಲ್ಲ. ಅದರ ಹಬೆ ಗಾಜಿಗೆ ಮಂಜು ಹಿಡಿಸಿದೆ.

ಕೊನೆಯ ದೀಪ ದಾಟಿತು. ಕೋಟುಗಳು ಅಲುಗಲಿಲ್ಲ.
"ಏಟು," ಅಂದ ಅವನು ರಸ್ತೆಯನ್ನೇ ನೋಡುತ್ತಾ,
"ಹೇಳಿಕೊಟ್ಟಷ್ಟೇ ಇತ್ತಾ?"
ನಾನು ಗೇರು ಬದಲಿಸಿದೆ.
ನೋಡಲಿಲ್ಲ ಡೆರೆಕ್, ಅಂದೆ.

ಹಿಂದಿನಿಂದ ಒಂದು ಕೈ ಹೊರಬಂತು.
ಆಡ್ಲಾರ್ಡ್ ಪೊಟ್ಟಣ ಚಾಚಿದ.
ಕೈ ತೆಗೆದುಕೊಂಡಿತು,
ಅರೆಗಳಿಗೆ ತಡಮಾಡಿ.